ಒದ್ದೆ ಹಗ್ಗ

ಗಂಟು ಅಲುಗಲಿಲ್ಲ. ಸ್ವರೂಪ್ ಕೈಗವಸು ಕಳಚಿ ಹಲ್ಲಲ್ಲಿ ಕಚ್ಚಿಕೊಂಡು ಬರಿಗೈಯಿಂದ ಮತ್ತೊಮ್ಮೆ ಒತ್ತಿದ. ಬೆರಳಿಗೆ ಅದು ಹಗ್ಗ ಅನ್ನಿಸಲೇ ಇಲ್ಲ, ಕಬ್ಬಿಣದ ಸರಳಿನಂತಿತ್ತು. ಎಳೆಗಳ ಸಂದಿಯಲ್ಲೆಲ್ಲ ಮಂಜು ಬಿಳಿಯಾಗಿ ಕೂತಿತ್ತು. ಅವನು ಪೈನ್ ಮರದ ಕಾಂಡಕ್ಕೆ ಎರಡೂ ಬೂಟು ಒತ್ತಿ, ತೊಡೆ ಸೊಂಟಗಳಿಗೆ ಬಿಗಿದ ಪಟ್ಟಿಗಳ ಮೇಲೆ ಭಾರ ಬಿಟ್ಟು, ನೆಲದಿಂದ ಮೂರಾಳೆತ್ತರದಲ್ಲಿ ನೇತಾಡುತ್ತಿದ್ದ. ಪಕ್ಕದ ಕೊಂಬೆಗೆ ಬಂದೂಕು ತೂಗುಹಾಕಿದ್ದ. ಎದೆಯ ಮೇಲಿನ ರೇಡಿಯೋದಲ್ಲಿ ಬೇಟೆಯ ಮುಖಂಡ ರೂನೆಯ ಧ್ವನಿ ಕೇಳಿಸಿತು. ಎರಡನೆಯ ಸುತ್ತು ಈಗ ಶುರುವಾಗುತ್ತದೆ, ನಾಯಿಗಳನ್ನು ಉತ್ತರದಿಂದ ಬಿಡುತ್ತೇವೆ, ಯಾರೂ ತಮ್ಮ ಜಾಗ ಬಿಟ್ಟು ಕದಲಬೇಡಿ ಎಂದ.

ಕದಲುವ ಮಾತೆಲ್ಲಿ ಬಂತು. ಸ್ವರೂಪ್‌ಗೆ ಬೇಕಾಗಿದ್ದದ್ದು ಒಂದು ಮೊಳದಷ್ಟು ಸಡಿಲ, ಅಷ್ಟೇ. ಬೆಳಿಗ್ಗೆ ಹತ್ತುವಾಗ ಅವನ ಮುಖ ಕಾಡಿನ ಕಡೆಗಿತ್ತು. ಪ್ರಾಣಿ ಬರುವುದು ಬೆನ್ನ ಹಿಂದಿನ ಜೌಗಿನ ಬಯಲಿನಿಂದ. ಕಾಂಡವನ್ನು ಸುತ್ತಿ ಸೊಂಟಕ್ಕೆ ಸೇರಿಸಿದ್ದ ತುಂಡುಹಗ್ಗವನ್ನು ಸ್ವಲ್ಪ ಬಿಟ್ಟುಕೊಂಡರೆ ಮರದ ಸುತ್ತ ನಡೆದು ಆ ಕಡೆ ತಿರುಗಬಹುದಿತ್ತು. ಅದು ಬಿಡಲಿಲ್ಲ. ಅದನ್ನು ಕೈಬಿಟ್ಟು ಮೇಲಿನಿಂದ ಇಳಿಬಿದ್ದ ಉದ್ದ ಹಗ್ಗದ ಗಂಟನ್ನು ನೋಡಿದ. ಅದೂ ಬಿಡಲಿಲ್ಲ. ಪಾದ ಇಟ್ಟು ನಿಲ್ಲುವ ಕುಣಿಕೆಯ ಗಂಟನ್ನು ಹಿಮ್ಮಡಿಯಿಂದ ಒದ್ದ. ಹಗ್ಗ ಕೋಲಿನ ಹಾಗೆ ಒಂದಿಷ್ಟು ಆಡಿ ನಿಂತಿತು. ಆಗ ಅವನಿಗೆ ಅರ್ಥವಾಯಿತು. ತಿರುಗುವುದಿರಲಿ, ಈಗ ಇಳಿಯುವುದಕ್ಕೂ ಆಗುವುದಿಲ್ಲ.

ಅವನು ಮಾಡಿಕೊಂಡಿದ್ದ ಏರ್ಪಾಡು ಸರಳವಾದದ್ದು. ಅಮೆರಿಕದ ಬೇಟೆಗಾರರು ಹೀಗೆ ಮರಕ್ಕೆ ನೇತುಬಿದ್ದು ಕಾಯುವುದನ್ನು ಯೂಟ್ಯೂಬ್‌ನಲ್ಲಿ ನೋಡಿದ್ದ. ಕೂರುವ ಪಟ್ಟಿಗೆ ಅವರು ಸ್ಯಾಡಲ್, ಅಂದರೆ ಕುದುರೆಯ ಜೀನು, ಎನ್ನುತ್ತಾರೆ. ಅವರ ಬಳಿ ಏರುವುದಕ್ಕೊಂದು, ಇಳಿಯುವುದಕ್ಕೊಂದು ಎಂದು ಯಂತ್ರಗಳೇ ಇದ್ದವು. ಇವನ ಬಳಿ ಇದ್ದದ್ದು ಮರ ಕಡಿಯುವವನೊಬ್ಬ ಬಳಸಿ ಬಿಟ್ಟ ಹಳೆಯ ಜೀನು, ದೋಣಿಯ ಸಾಮಾನು ಮಾರುವ ಅಂಗಡಿಯ ನೈಲಾನ್ ಹಗ್ಗ, ಎರಡು ಮೂರು ಕೊಂಡಿ, ಒಂದಿಷ್ಟು ತೆಳು ಹುರಿ. ಕಲ್ಲು ಕಟ್ಟಿದ ದಾರವನ್ನು ಗಟ್ಟಿ ಕವಲಿನ ಮೇಲೆ ಎಸೆದು, ಅದರ ಹಿಂದೆ ಹಗ್ಗ ಎಳೆದು, ಬುಡಕ್ಕೆ ಕಟ್ಟುವುದು. ಹುರಿಯನ್ನು ಹಗ್ಗಕ್ಕೆ ಸುತ್ತಿ ಸುತ್ತಿ ಗಂಟು ಹಾಕಿದರೆ ಭಾರ ಬಿದ್ದಾಗ ಅದು ಹಗ್ಗವನ್ನು ಕಚ್ಚುತ್ತದೆ, ಭಾರ ತೆಗೆದಾಗ ಜಾರುತ್ತದೆ. ಒಂದು ಗಂಟು ಸೊಂಟಕ್ಕೆ, ಒಂದು ಪಾದಕ್ಕೆ. ಪಾದದ ಮೇಲೆ ನಿಂತು ಸೊಂಟದ್ದನ್ನು ಮೇಲೆ ತಳ್ಳು, ಸೊಂಟದ ಮೇಲೆ ಕೂತು ಪಾದದ್ದನ್ನು ತಳ್ಳು. ಕಂಬಳಿಹುಳು ಹತ್ತುವಂತೆ ಹತ್ತುವುದು. ಇಳಿಯುವುದೂ ಹಾಗೆಯೇ.

ಹಿತ್ತಲಿನ ಮರದಲ್ಲಿ ಅಭ್ಯಾಸ ಮಾಡುವಾಗ ಹೊಸ ಹಗ್ಗ ಜಾರಿತ್ತು. ಕೂತ ಮೇಲೂ ಗಂಟು ಸರಕ್ಕನೆ ಒಂದು ಗೇಣು ಕೆಳಗೆ ಬಂದಿತ್ತು. ಬಂಟ್ವಾಳದ ಆಚೆಯ ಅವನ ಊರಲ್ಲಿ ಪ್ರತಿ ಬೇಸಿಗೆ ಬಾವಿಯ ಹೂಳು ತೆಗೆಯಲು ಇಳಿಯುವವರು ಕತ್ತದ ಹಗ್ಗದ ಮೇಲೆ ಮೊದಲು ಒಂದು ಕೊಡ ನೀರು ಸುರಿಯುತ್ತಿದ್ದರು. ತೆಂಗಿನ ನಾರು ನೆನೆದು ಉಬ್ಬಿದರೆ ಕೈಗೂ ಕಾಲಿಗೂ ಹಿಡಿತ ಸಿಗುತ್ತದೆ. ಒಣಹಗ್ಗ ಹಿಡಿದು ಬಾವಿಗಿಳಿಯುವವನನ್ನು ಅಲ್ಲಿ ಯಾರೂ ಬುದ್ಧಿವಂತ ಎನ್ನುವುದಿಲ್ಲ. ಸ್ವರೂಪ್ ಹಗ್ಗವನ್ನು ಬಕೆಟ್ಟಿನಲ್ಲಿ ನೆನೆಸಿ ನೋಡಿದ. ನೈಲಾನ್ ಕೂಡ ಸ್ವಲ್ಪ ಉಬ್ಬಿತು, ಗಂಟು ಕಚ್ಚಿ ನಿಂತಿತು. ಅವನಿಗೆ ಎಷ್ಟು ಖುಷಿಯಾಯಿತೆಂದರೆ ಅಡಿಗೆಮನೆಯ ಕಿಟಕಿಯಲ್ಲಿ ನಿಂತಿದ್ದ ಹೆಂಡತಿಗೆ ಕೈಬೀಸಿದ.

"ಏನ್ ಸ್ವಾಮಿ, ಸರ್ಕಸ್ಸಿಗೆ ಟಿಕೆಟ್ ಎಲ್ಲಿ ಕೊಡ್ತಾರೆ?" ಎಂದಿದ್ದಳು ಕಾಂಚನಾ.

"ಮನೆಯವರಿಗೆ ಫ್ರೀ."

"ಹಗ್ಗ ಯಾಕೋ ನೆನೆಸ್ತಿದೀಯ?"

"ಊರಲ್ಲಿ ಹೀಗೇ ಮಾಡುದು."

"ನಿಮ್ಮೂರಲ್ಲಿ ಫ್ರಿಜ್ ಒಳಗೆ ಬಾವಿ ತೋಡಲ್ಲ ಕಣೋ," ಎಂದು ಅವಳು ಕಿಟಕಿ ಮುಚ್ಚಿದ್ದಳು. ಅವತ್ತು ಬಿಸಿಲಿತ್ತು. ಮಾತು ಅಲ್ಲಿಗೇ ಹೋಯಿತು.

ಈ ದಿನ ಬೆಳಗಿನ ಜಾವ ಹಗ್ಗವನ್ನು ಎಂದಿನಂತೆ ನೆನೆಸಿ, ಹಿಂಡಿ, ಬೆಚ್ಚಗಿನ ಕಾರಿನೊಳಗಿಟ್ಟು ತಂದಿದ್ದ. ಹತ್ತುವಾಗ ಎಲ್ಲ ಸರಿಯಿತ್ತು, ಗಂಟುಗಳು ಹೇಳಿದ ಮಾತು ಕೇಳಿದ್ದವು. ಆಮೇಲೆ ಮೊದಲ ಸುತ್ತು ಮುಗಿಯುವ ತನಕ ಅವನು ಮಿಸುಕದೆ ಕೂತಿದ್ದ. ಅಷ್ಟು ಹೊತ್ತು ಚಳಿ ತನ್ನ ಕೆಲಸ ಮಾಡಿತ್ತು.

ಅವನನ್ನು ಮರ ಹತ್ತು ಎಂದು ಯಾರೂ ಹೇಳಿರಲಿಲ್ಲ. ಬೇಟೆಗಾರ ಕೂತು ಕಾಯುವ ಜಾಗಕ್ಕೆ ಇಲ್ಲಿ ಸ್ವೀಡಿಷ್ ಭಾಷೆಯಲ್ಲಿ ಪಾಸ್ ಎನ್ನುತ್ತಾರೆ. ತಂಡದ ಹಳಬರ ಪಾಸ್‌ಗಳಿಗೆಲ್ಲ ಮರದ ಅಟ್ಟಣೆಗಳಿದ್ದವು; ಕೆಲವು ಅವರ ತಂದೆಯಂದಿರು ಕಟ್ಟಿದವು. ಹೊಸಬನಾದ ಸ್ವರೂಪ್‌ಗೆ ಕೊಟ್ಟದ್ದು ಜೌಗಿನ ಮೂಡಲ ಅಂಚಿನ ಒಂದು ತಗ್ಗು. ಸೆಪ್ಟೆಂಬರ್‌ನ ಬೇಟೆಯಲ್ಲಿ ಅಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು ಎಳೆ ಸ್ಪ್ರೂಸ್ ಮರಗಳ ಎಲೆ ನೋಡುತ್ತಾ ದಿನಗಳನ್ನು ಕಳೆದಿದ್ದ. ಒಂದು ದಿನ ಹೆಣ್ಣು ಮೂಸೊಂದು, ಅವರೆಲ್ಲ ಬೇಟೆಯಾಡುವ ಆ ದೈತ್ಯ ಜಿಂಕೆ, ಮರಿಯೊಡನೆ ಕೂಗಳತೆಯಲ್ಲಿ ಹಾದುಹೋಗಿತ್ತು. ಕೊಂಬೆ ಮುರಿದ ಸದ್ದು ಮಾತ್ರ ಅವನಿಗೆ ಸಿಕ್ಕಿತ್ತು. ಅಟ್ಟಣೆ ಕೇಳಿದಾಗ ಮೊದಲ ವರ್ಷ ಎಲ್ಲರೂ ನೆಲದ ಮೇಲೇ ಕೂರುತ್ತಾರೆ ಎಂದಿದ್ದ ರೂನೆ. ಹಗ್ಗ ಹಾಕಿ ಮರ ಹತ್ತಬಹುದೇ ಎಂದು ಕೇಳಿದಾಗ ರೂನೆ ಕಾಫಿಯ ಲೋಟ ಕೆಳಗಿಟ್ಟು, ಹತ್ತು, ಅಡ್ಡಿಯಿಲ್ಲ, ಇಳಿಸಿಕೊಳ್ಳುವುದಕ್ಕೆ ಮಾತ್ರ ನಮ್ಮನ್ನು ಕರೆಯಬೇಡ ಎಂದಿದ್ದ. ಬೆಂಕಿಯ ಸುತ್ತ ಕೂತಿದ್ದವರೆಲ್ಲ ನಕ್ಕಿದ್ದರು. ಎಲ್ಲರಿಗಿಂತ ಹಿರಿಯನಾದ ಬೋರ್ಯೆ ಅಂದಿನಿಂದ ಅವನನ್ನು ಅಳಿಲು ಎಂದು ಕರೆಯತೊಡಗಿದ. ಬೇಗನೆ ರೇಡಿಯೋದಲ್ಲೂ ಅದೇ ಹೆಸರಾಯಿತು.

"ಅವರು ಅಳಿಲು ಅಂತಾರೆ, ನೀನು ಹಲ್ಲು ಕಿರೀತೀಯ," ಎಂದಿದ್ದಳು ಕಾಂಚನಾ. ಅವನಿಗೆ ಅದರಲ್ಲಿ ಅವಮಾನ ಕಂಡಿರಲಿಲ್ಲ. ಉಮೆಯೊ ನಗರದ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಯಂತ್ರಗಳನ್ನು ರಿಪೇರಿ ಮಾಡುವ ಅವನ ಜೊತೆ ಸಹೋದ್ಯೋಗಿಗಳು ದಿನವೂ ಫೀಕಾಕ್ಕೆ, ಅಂದರೆ ಕಾಫಿಯ ವಿರಾಮಕ್ಕೆ, ಕೂರುತ್ತಿದ್ದರು, ಹವೆಯ ಬಗ್ಗೆ ಮಾತಾಡುತ್ತಿದ್ದರು, ಐದು ಗಂಟೆಯಾದರೆ ಅವನನ್ನು ಮರೆಯುತ್ತಿದ್ದರು. ಅಡ್ಡಹೆಸರು ಇಡುವಷ್ಟು ಯಾರೂ ಅವನನ್ನು ನೋಡಿರಲಿಲ್ಲ.

ಮನೆ ಕೊಂಡದ್ದು ಅವನ ಹಟದಿಂದ. ಉಮೆಯೊದಿಂದ ಕಾರಿನಲ್ಲಿ ಮುಕ್ಕಾಲು ಗಂಟೆ ದೂರದ ಹಳ್ಳಿ, ಹಿಂದೆ ಒಂದು ಪಟ್ಟಿ ಕಾಡು, ಮುಂದೆ ಜೌಗು. ಕಾಂಚನಾ ತುಮಕೂರಿನವಳು, ವಿಶ್ವವಿದ್ಯಾಲಯದಲ್ಲಿ ಸಸ್ಯಗಳ ಜೀವಕೋಶದ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಹುಟ್ಟಿದ ಮನೆಯಲ್ಲಿ ಅವನ ಮಾತು ಕೊಂಕಣಿ, ಅವಳದು ಕನ್ನಡ. ಇಬ್ಬರ ಮನೆಯವರೂ ಒಪ್ಪದ ಮದುವೆಯಲ್ಲಿ ಇಬ್ಬರಿಗೂ ಉಳಿದದ್ದು ಕನ್ನಡ. ಹಳ್ಳಿಗೆ ಬಂದ ಮೇಲೆ ಅವಳು ಎರಡು ಚಳಿಗಾಲ ಕತ್ತಲಲ್ಲಿ ಹೊರಟು ಕತ್ತಲಲ್ಲಿ ಬಂದಳು. ಬಸ್ಸು ತಪ್ಪಿದರೆ ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕಾಲು ಬಡಿಯುತ್ತಾ ನಿಂತಳು. ಬೇಸಿಗೆಯಲ್ಲಿ ದೂರದ ರಾಜಧಾನಿಯ ಪಕ್ಕದ ಸೋಲ್ನಾದ ಒಂದು ಕಂಪನಿ ಅವಳನ್ನು ಕೆಲಸಕ್ಕೆ ಕರೆಯಿತು. ಉಮೆಯೊದ ಅವಳ ಕೆಲಸ ವರ್ಷದ ಕೊನೆಗೆ ಮುಗಿಯುವುದಿತ್ತು. ಜಗಳ ಆಡಿ ಆಡಿ ದಣಿದು ಇಬ್ಬರೂ ಒಂದು ಮಾತಿಗೆ ಬಂದರು. ಈ ಶರತ್ಕಾಲದಲ್ಲಿ ಬೇಟೆಯ ತಂಡ ಸ್ವರೂಪ್‌ನನ್ನು ಕಾಯಂ ಆಗಿ ಸೇರಿಸಿಕೊಂಡರೆ ಈ ಊರಲ್ಲಿ ಅವರಿಗೊಂದು ನೆಲೆಯಿದೆ ಎಂದು ಒಪ್ಪಿ ಅವಳು ಸೋಲ್ನಾದ ಕೆಲಸದ ಆಸೆ ಬಿಡುವುದು. ಸೇರಿಸಿಕೊಳ್ಳದಿದ್ದರೆ ಅವನು ಬಾಯಿ ಮುಚ್ಚಿಕೊಂಡು ಮನೆ ಮಾರುವುದು. ತಂಡ ತೀರ್ಮಾನಿಸುವುದು ಇವತ್ತು, ಬೇಟೆ ಮುಗಿದ ಮೇಲೆ, ಮಾಂಸ ಕೊಯ್ಯುವ ಶೆಡ್ಡಿನಲ್ಲಿ.

ಎಡಗಾಲು ಜೋಮು ಹಿಡಿದು ಈಗ ಮರಗಟ್ಟಿತ್ತು. ಜೀನಿನ ಪಟ್ಟಿ ತೊಡೆಯ ಸಂದಿಯನ್ನು ಕೊಯ್ಯುತ್ತಿತ್ತು. ಮೊದಮೊದಲು ಕುಣಿಕೆಯ ಮೇಲೆ ಭಾರ ಹಾಕಿ ಎದ್ದು ನಿಂತು ರಕ್ತ ಓಡಿಸುತ್ತಿದ್ದ. ಈಗ ಆ ಕಾಲು ಭಾರ ಹೊರುತ್ತಿದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಹೀಗೆ ನೇತಾಡಿಯೇ ಪ್ರಜ್ಞೆ ತಪ್ಪಿದವರ ಕತೆಯನ್ನು ಅವನು ಆ ವಿಡಿಯೋಗಳಲ್ಲೇ ಕೇಳಿದ್ದ. ಚಾಕುವಿತ್ತು. ಕೊಯ್ದರೆ ನೇರ ಕೆಳಗೆ, ಬುಡದಲ್ಲಿ ಕಲ್ಲುಗಳು. ಕೊಂಡಿ ಬಿಡಿಸಿ ಹಗ್ಗ ಹಿಡಿದು ಜಾರೋಣವೆಂದರೆ ಹಗ್ಗದ ಮೈಯೆಲ್ಲ ಗಾಜು. ಬಿಸಿಲು ಈ ಮರದವರೆಗೆ ಬರುವ ಹೊತ್ತಿಗೆ ಮಧ್ಯಾಹ್ನವಾಗುತ್ತದೆ.

ರೇಡಿಯೋದ ಗುಂಡಿಯ ಮೇಲೆ ಹೆಬ್ಬೆರಳಿಟ್ಟ. ರೂನೆಯ ನಗು ಕಿವಿಯಲ್ಲಿ ಬಂತು. ಅಳಿಲು ಮರದಲ್ಲಿ ಸಿಕ್ಕಿಬಿದ್ದಿದೆ, ಏಣಿ ತನ್ನಿ. ಸುತ್ತು ನಿಲ್ಲುತ್ತದೆ, ಎಲ್ಲರೂ ಬರುತ್ತಾರೆ, ಎಲ್ಲರೂ ನೋಡುತ್ತಾರೆ, ಸಂಜೆ ಶೆಡ್ಡಿನಲ್ಲಿ ಅದೇ ಮಾತು. ಅವನು ಬೆರಳು ತೆಗೆದು ಜೇಬಿನಿಂದ ಫೋನ್ ತೆಗೆದ.

"ಹೊಡೆದ್ಯಾ?" ಎಂದಳು ಕಾಂಚನಾ.

"ಇಲ್ಲ. ಕೇಳು, ಜೋರಾಗಿ ಮಾತಾಡ್ಲಿಕ್ಕಾಗಲ್ಲ. ದೊಡ್ಡ ಥರ್ಮಾಸ್ ಉಂಟಲ್ಲ ಮನೇಲಿ?"

"ಉಂಟು ಮಾರಾಯ, ಉಂಟು," ಎಂದಳು ಅವನ ಧಾಟಿಯಲ್ಲೇ.

"ತಮಾಷೆ ಬೇಡ. ಕುದಿಯೋ ನೀರು ತುಂಬಿಸ್ಕೊಂಡು ಬಾ. ಹಗ್ಗ ಗಡ್ಡೆ ಕಟ್ಟಿದೆ, ಇಳೀಲಿಕ್ಕೆ ಆಗ್ತಿಲ್ಲ. ಮೇಲಿಂದ ದಾರ ಬಿಡ್ತೇನೆ, ಕಟ್ಟಿ ಕೊಡು ಸಾಕು."

ಅವಳ ಹಿಂದೆ ಎಲ್ಲೋ ನಲ್ಲಿ ಓಡುತ್ತಿತ್ತು, ನಿಂತಿತು.

"ರೂನೆಗೆ ಹೇಳಿದ್ಯಾ?"

"ಇಲ್ಲ."

"ಯಾಕೆ?"

"ಇವತ್ತೇ ಅಲ್ವಾ ಅವರು ತೀರ್ಮಾನ ಮಾಡುದು? ಇವತ್ತೇ ಹೀಗೆ ಅಂದ್ರೆ ಎಂತ ಹೇಳ್ತಾರೆ ಮಾರಾಯ್ತಿ?"

"ಕಾಲು ಹೇಗಿದೆ?"

"ಎಡಗಾಲು ಗೊತ್ತೇ ಆಗ್ತಿಲ್ಲ."

"ಬರ್ತೀನಿ."

"ಹಿಂದಿನ ಕಾಡುದಾರೀಲಿ ಬಾ. ಜೌಗಿನ ಮೇಲೆ ಬರ್ಬೇಡ. ಕೇಳಿಸ್ತಾ? ಹಲಗೆದಾರಿ ಬೇಡ."

"ಕೇಳಿಸ್ತು," ಎಂದು ಅವಳು ಫೋನ್ ಇಟ್ಟಳು.

ಅವನು ಬಂದೂಕು ಮೇಲೆಳೆಯಲು ತಂದಿದ್ದ ದಾರವನ್ನು ಬಿಚ್ಚಿ ತುದಿಗೆ ಕೊಂಡಿ ಕಟ್ಟಿ ನೆಲಕ್ಕಿಳಿಸಿದ. ನೆಮ್ಮದಿಯಾಯಿತು. ಕಾಡುದಾರಿ ಅವನ ಮುಖದೆದುರಿಗೆ, ಸ್ಪ್ರೂಸ್ ಮರಗಳ ಮರೆಯಲ್ಲಿ ಬರುತ್ತದೆ. ಯಾರೂ ನೋಡುವುದಿಲ್ಲ. ಇಳಿದು, ಕಾಲು ಉಜ್ಜಿ, ಕುರ್ಚಿ ಹಾಕಿ ಕೂತುಬಿಟ್ಟರೆ ಮುಗಿಯಿತು.

ಉತ್ತರದಲ್ಲಿ ನಾಯಿ ಬೊಗಳಿತು. ಒಂದೇ ಸಮನೆ, ಪ್ರಾಣಿಯನ್ನು ಕಂಡ ನಾಯಿ ಬೊಗಳುವ ಹಾಗೆ. ರೇಡಿಯೋದಲ್ಲಿ ರೂನೆ, ಜೌಗಿನ ಕಡೆ ತಿರುಗಿದೆ, ಎಲ್ಲರೂ ಸಿದ್ಧವಾಗಿರಿ ಎಂದ. ಬೊಗಳು ಹತ್ತಿರವಾಯಿತು. ಸ್ವರೂಪ್ ಕತ್ತನ್ನು ಆದಷ್ಟೂ ಹಿಂದಕ್ಕೆ ತಿರುಗಿಸಿ ಭುಜದ ಮೇಲಿಂದ ಬಯಲನ್ನು ನೋಡಿದ. ಕತ್ತಿನ ನರ ಹಿಡಿದುಕೊಂಡಿತು. ಎದುರು ಅಂಚಿನಲ್ಲಿ ಬೋರ್ಯೆಯ ಅಟ್ಟಣೆ ಬೆಂಕಿಪೆಟ್ಟಿಗೆಯಷ್ಟಾಗಿ ಕಾಣುತ್ತಿತ್ತು. ಬೋರ್ಯೆ ಪಿಸುಗುಟ್ಟಿದ. ಗಂಡು. ದೊಡ್ಡದು. ಕಾಡಿನಂಚಿನಲ್ಲೇ ನಿಂತಿದೆ, ಹೊರಗೆ ಬರುತ್ತದೆ.

ಬಂತು. ಬೂದು ಕಂದು ಬಣ್ಣದ ದೇಹ, ಉದ್ದ ಕಾಲುಗಳು, ಹಲಗೆಯಂಥ ಕೊಂಬು. ಅದು ಹಿಮಗಟ್ಟಿದ ಹುಲ್ಲಿನ ಮೇಲೆ ಅವಸರವಿಲ್ಲದೆ ಕಾಲೆತ್ತಿಟ್ಟು ನಡೆಯಿತು. ಸ್ವರೂಪ್ ಬದುಕಿನಲ್ಲಿ ಅಷ್ಟು ದೊಡ್ಡ ಕಾಡುಪ್ರಾಣಿಯನ್ನು ನೋಡಿರಲಿಲ್ಲ. ಅವನು ಸರಿಯಾದ ಕಡೆ ಮುಖ ಮಾಡಿ ಕೂತಿದ್ದರೆ ಅದು ಅವನ ಗುರಿಯೊಳಗೇ ಬರುತ್ತಿತ್ತು.

ಆಗ ಬಯಲಿನ ತೆಂಕಣ ತುದಿಯಲ್ಲಿ ಕೆಂಪು ಕಾಣಿಸಿತು.

ಜೌಗು ದಾಟಲು ಹಾಸಿದ್ದ ಹಲಗೆದಾರಿಯ ಮೇಲೆ, ಬಯಲಿನ ನಟ್ಟನಡುವೆ, ಕಾಂಚನಾ ಬರುತ್ತಿದ್ದಳು. ಮೊದಲ ಚಳಿಗಾಲಕ್ಕೆ ಅವನು ಕೊಂಡುಕೊಟ್ಟ, ಕಣ್ಣು ಕುಕ್ಕುತ್ತದೆ ಎಂದು ಅವಳು ಒಮ್ಮೆಯೂ ಹಾಕದ ಜಾಕೆಟ್ಟು. ಕಂಕುಳಲ್ಲಿ ಥರ್ಮಾಸ್. ಅವಳು ಓಡುತ್ತಿರಲಿಲ್ಲ, ಅಡಗುತ್ತಲೂ ಇರಲಿಲ್ಲ. ಬೂಟಿನಡಿ ಜಾರುವ ಹಲಗೆಗಳ ಮೇಲೆ ಒಂದೊಂದೇ ಹೆಜ್ಜೆಯನ್ನು ಗಟ್ಟಿಯಾಗಿ ಊರುತ್ತಾ ಬರುತ್ತಿದ್ದಳು.

ಬೇಟೆಯ ಪರವಾನಗಿ ಪರೀಕ್ಷೆಗೆ ಓದುವಾಗ ಅವನಿಗೆ ಪ್ರಶ್ನೆ ಕೇಳಿದವಳು ಅವಳೇ. ಅವಳ ಸ್ವೀಡಿಷ್ ಇವನದಕ್ಕಿಂತ ಚೆನ್ನಾಗಿತ್ತು. ಹಿಂದಿನ ಚಳಿಗಾಲ ಊಟದ ಮೇಜಿನಾಚೆ ಕೂತು, ಗುಂಪು ಬೇಟೆಯ ನಡುವೆ ಹೊರಗಿನವರು ಯಾರಾದರೂ ಬಂದರೆ ಏನು ಮಾಡಬೇಕು ಎಂದು ಓದುತ್ತಿದ್ದಳು. ಅವನು ತಡವರಿಸಿದಾಗ ಉತ್ತರವನ್ನೂ ಅವಳೇ ಹೇಳುತ್ತಿದ್ದಳು. ಬೇಟೆ ನಿಲ್ಲಿಸಬೇಕು. ಎಲ್ಲರೂ ಬಂದೂಕಿನಿಂದ ಗುಂಡು ತೆಗೆಯಬೇಕು.

ರೇಡಿಯೋದಲ್ಲಿ ರೂನೆಯ ಧ್ವನಿ ಬಂತು, ಏರಿಳಿತವೇ ಇಲ್ಲದೆ. "ಬೇಟೆ ನಿಲ್ಲಿಸಿ. ಜೌಗಿನಲ್ಲಿ ಜನ ಇದ್ದಾರೆ. ಎಲ್ಲರೂ ಗುಂಡು ತೆಗೆಯಿರಿ, ತೆಗೆದು ತಿಳಿಸಿ." ಒಬ್ಬೊಬ್ಬರೇ ತಿಳಿಸಿದರು. ಎಲ್ಲರಿಗಿಂತ ಕೊನೆಗೆ ಬೋರ್ಯೆ. ಗುರಿ ಹಿಡಿದಿದ್ದೆ, ಬೆರಳು ಬಂದೂಕಿನ ಕುದುರೆಯ ಮೇಲಿತ್ತು ಎಂದ. ಅವನ ಉಸಿರು ಮೈಕಿಗೆ ಬಡಿಯುತ್ತಿತ್ತು. ಮೂಸ್ ತಲೆಯೆತ್ತಿ ಕೆಂಪು ಜಾಕೆಟ್ಟನ್ನು ನೋಡಿ, ಬಂದ ದಾರಿಯಲ್ಲೇ ಕಾಡಿಗೆ ಮರಳಿತು. ಸ್ವರೂಪ್ ತನ್ನ ಬಂದೂಕಿನ ಗುಂಡು ತೆಗೆದು ತಿಳಿಸಿದ. ಅವಳು ಯಾರು, ಯಾಕೆ ಬರುತ್ತಿದ್ದಾಳೆ ಎಂದು ಆಗಲೂ ಅವನು ಹೇಳಲಿಲ್ಲ.

ಅವಳು ಮರದಡಿಗೆ ಬಂದು ಮೇಲೆ ನೋಡಿದಳು. ಮೂಗು ಕೆಂಪಾಗಿತ್ತು. ಥರ್ಮಾಸಿನ ಹಿಡಿಗೆ ಕೊಂಡಿ ಸಿಕ್ಕಿಸಿದಳು. ಅವನು ಎಳೆದುಕೊಂಡು ಗಂಟಿನ ಮೇಲೆ ಸುರಿದ. ಹಬೆ ಎದ್ದಿತು, ಬಿಸಿನೀರು ಮುಂಗೈಯಿಂದ ತೋಳಿನೊಳಗೆ ಹರಿದು ಮೊಣಕೈ ಸುಟ್ಟಿತು. ಗಂಟು ಮೆತ್ತಗಾಗಿ ಮತ್ತೆ ಹಗ್ಗವಾಯಿತು. ಪಾದದ ಗಂಟಿಗೂ ಸುರಿದು, ಮರ ಸುತ್ತಿದ್ದ ತುಂಡುಹಗ್ಗದ ಕೊಂಡಿ ಬಿಡಿಸಿ, ಅವನು ಮಂಜಿನ ಪುಡಿ ಉದುರಿಸುತ್ತಾ ಒಂದೊಂದು ಗೇಣೇ ಕೆಳಗೆ ಬಂದ. ನೆಲ ಮುಟ್ಟಿದಾಗ ಎಡಗಾಲು ಮಡಿಚಿಕೊಂಡಿತು. ಪಾಚಿಯ ಮೇಲೆ ಕುಕ್ಕರಿಸಿ ತೊಡೆಯನ್ನು ಗುದ್ದಿಕೊಳ್ಳತೊಡಗಿದ.

"ಜೌಗಿನ ಮೇಲೆ ಬರ್ಬೇಡ ಅಂದಿದ್ದೆ," ಎಂದ.

"ಅದು ಹತ್ತಿರ," ಎಂದಳು ಅವಳು. "ಕಾಲು ಗೊತ್ತಾಗ್ತಿಲ್ಲ ಅಂದ್ಯಲ್ಲ."

ರೂನೆ ಕಾಡಿನ ಒಳಗಿನಿಂದ ಬಂದ. ಗರಗಸದ ಕಾರ್ಖಾನೆಯಿಂದ ನಿವೃತ್ತನಾದ ಗಟ್ಟಿ ಆಳು. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಸ್ವರೂಪ್ ಸಿಟ್ಟನ್ನೇ ನಿರೀಕ್ಷಿಸಿದ್ದ. ರೂನೆ ಮಂಡಿಯೂರಿ ಸ್ವರೂಪ್‌ನ ಬೂಟು ಬಿಚ್ಚಿಸಿ, ಪಾದ ಒತ್ತಿ, ಬೆರಳಾಡಿಸಲು ಹೇಳಿದ. ಕಾಂಚನಾ ಕಡೆ ತಿರುಗಿ ಹೆದರಿದೆಯಾ ಎಂದು ಕೇಳಿದ. ಅವಳು ಇಲ್ಲವೆಂದು ತಲೆಯಾಡಿಸಿದಳು. ರೂನೆ ಎದ್ದು ಹಗ್ಗವನ್ನು ಬೆರಳಲ್ಲಿ ತಟ್ಟಿದ, ಅದು ಟಣ್ ಎಂದಿತು. ಆಮೇಲೆ ಸ್ವರೂಪ್‌ನ ಎದೆಯ ಕಡೆ ನೋಡಿದ.

"ರೇಡಿಯೋ ಕೆಟ್ಟಿತ್ತೇ?"

"ಇಲ್ಲ," ಎಂದ ಸ್ವರೂಪ್.

ರೂನೆ ತಲೆದೂಗಿದ. ನಾಯಿಗಳು ವಾಪಸ್ ಬರುವುದನ್ನು ಕಾಯುತ್ತಾ ಒಂದು ಕತೆ ಹೇಳಿದ. ಬೋರ್ಯೆ ಕೆಲವು ವರ್ಷಗಳ ಹಿಂದೆ ಅಟ್ಟಣೆಯ ಏಣಿಯಲ್ಲಿ ಪ್ಯಾಂಟು ಸಿಕ್ಕಿಸಿಕೊಂಡು ತಲೆಕೆಳಗಾಗಿದ್ದನಂತೆ. ರೇಡಿಯೋದಲ್ಲಿ ಕೂಗಿ ಕರೆದನಂತೆ. ಇಡೀ ತಂಡ ಹೋಗಿ ಪ್ಯಾಂಟು ಹರಿದು ಅವನನ್ನು ಇಳಿಸಿತು. ಎಲ್ಲರೂ ನಕ್ಕದ್ದು ನಕ್ಕದ್ದೇ, ಇವತ್ತಿಗೂ ಕ್ರಿಸ್‌ಮಸ್‌ಗೆ ಯಾರಾದರೊಬ್ಬರು ಅವನಿಗೊಂದು ಪ್ಯಾಂಟು ಕೊಡುತ್ತಾರೆ. ನೀನು ಕರೆದಿದ್ದರೆ ನಿನಗೂ ಹಾಗೇ ನಗುತ್ತಿದ್ದೆವು ಎಂದ ರೂನೆ. ಹಾಗೆಂದು ಅವನು ನಗಲಿಲ್ಲ.

ಮಧ್ಯಾಹ್ನ ಶೆಡ್ಡಿನ ಬಾಗಿಲು ಒಳಗಿನಿಂದ ಮುಚ್ಚಿತ್ತು. ಸ್ವರೂಪ್ ಹೊರಗೆ, ತೊಗಲು ಹಾಕುವ ಡ್ರಮ್ಮಿನ ಪಕ್ಕ ನಿಂತಿದ್ದ. ಒಳಗೆ ಕಾಫಿಯ ಲೋಟಗಳ ಸದ್ದು, ನಡುವೆ ಮೆಲುದನಿಯ ಮಾತು. ಯಾರೂ ವಾದಿಸುತ್ತಿರಲಿಲ್ಲ. ವಾದವಾದರೂ ಆಗಿದ್ದರೆ ಅವನ ಕಡೆಗೂ ಒಬ್ಬರಿದ್ದಾರೆ ಎಂದುಕೊಳ್ಳಬಹುದಿತ್ತು. ಬೋರ್ಯೆ ಮೂತ್ರಕ್ಕೆಂದು ಹೊರಬಂದವನು ಇವನನ್ನು ನೋಡಿ, ಇವತ್ತು ಚಳಿ ಜಾಸ್ತಿ ಎಂದ. ಹೌದು ಎಂದ ಸ್ವರೂಪ್.

ಕೊನೆಗೆ ರೂನೆ ಬಂದ, ಕೈಯಲ್ಲಿ ಬಿಗಿದು ಕಟ್ಟಿದ ಪ್ಲಾಸ್ಟಿಕ್ ಚೀಲ. ಸೆಪ್ಟೆಂಬರಿನ ಬೇಟೆಯಲ್ಲಿ ಅವನ ಪಾಲಿನ ಮಾಂಸ. "ಸ್ವರೂಪ್," ಎಂದು ಕರೆದ. ತಿಂಗಳಿಂದ ಈ ಜನರ ಬಾಯಲ್ಲಿ ಅವನ ಹೆಸರು ಬಂದಿರಲಿಲ್ಲ, ಅಳಿಲೇ ಆಗಿತ್ತು. ಈಗ ರೂನೆ ಅದನ್ನು ಪೂರ್ತಿಯಾಗಿ, ಅಚ್ಚುಕಟ್ಟಾಗಿ ಉಚ್ಚರಿಸಿದ. ಈ ಶರತ್ಕಾಲ ನಮ್ಮ ಜೊತೆಗಿದ್ದದ್ದಕ್ಕೆ ಧನ್ಯವಾದ ಎಂದ. ತಪ್ಪು ಎಲ್ಲರಿಂದ ಆಗುತ್ತದೆ, ಆದರೆ ಕಾಡಿನಲ್ಲಿ ಯಾರು ಎಲ್ಲಿದ್ದಾರೆ ಎಂದು ಗೊತ್ತಿಲ್ಲದೆ ಬಂದೂಕು ಹಿಡಿದು ಕೂರಲು ತಮ್ಮವರಿಗೆ ಆಗುವುದಿಲ್ಲ ಎಂದ. ಮುಂದಿನ ವರ್ಷ ನೋಡೋಣ ಎಂದು ಹೇಳಲಿಲ್ಲ. ಕೈ ಕುಲುಕಿ ಒಳಗೆ ಹೋದ.

ಮನೆಗೆ ಬಂದಾಗ ಕಾಂಚನಾ ಅಡಿಗೆಮನೆಯಲ್ಲಿದ್ದಳು. ಅವನು ಚೀಲವನ್ನು ಮೇಜಿನ ಮೇಲಿಟ್ಟು ಬೂಟು ಬಿಚ್ಚದೆ ಕುರ್ಚಿಯಲ್ಲಿ ಕೂತ. ಅವಳು ಅವನ ಮುಖ ನೋಡಿ ಒಲೆಯ ಮೇಲೆ ಚಹಾಕ್ಕೆ ನೀರಿಟ್ಟಳು.

"ನಿಂಗೆ ಗೊತ್ತಿತ್ತು," ಎಂದ ಅವನು.

"ಏನು?"

"ಬಯಲಲ್ಲಿ ಯಾರಾದ್ರೂ ಕಂಡ್ರೆ ಬೇಟೆ ನಿಲ್ಲತ್ತೆ ಅಂತ. ನಿಂಗೆ ನನಗಿಂತ ಚೆನ್ನಾಗಿ ಬಾಯಿಪಾಠ ಇತ್ತು."

ಅವಳು ಚಹಾಪುಡಿಯ ಡಬ್ಬಿ ತೆರೆದು ಅದರೊಳಗೇ ನೋಡುತ್ತಾ ನಿಂತಳು. "ಗೊತ್ತಿತ್ತು," ಎಂದಳು.

"ಕೆಂಪು ಜಾಕೆಟ್ ಬೇರೆ."

"ಕಾಣ್ಲಿ ಅಂತಾನೇ ಹಾಕ್ಕೊಂಡೆ. ಇಲ್ದಿದ್ರೆ ಗುಂಡು ಹೊಡಿಸ್ಕೊಂಡು ಸಾಯ್ಬೇಕಿತ್ತಾ?"

"ಕಾಡುದಾರೀಲಿ ಬಂದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ ಕಾಂಚನಾ."

"ಹೌದು. ಗೊತ್ತಾಗ್ತಿರ್ಲಿಲ್ಲ." ಅವಳು ಡಬ್ಬಿ ಮುಚ್ಚಿದಳು. "ನಿಂಗೂ ಗೊತ್ತಿತ್ತಲ್ಲ, ಬೇಟೆ ನಡೀವಾಗ ಯಾರನ್ನೂ ಒಳಗೆ ಕರೀಬಾರ್ದು ಅಂತ. ರೇಡಿಯೋ ನಿನ್ನ ಎದೆ ಮೇಲೇ ಇತ್ತು. ಅವರ ಮುಂದೆ ಮರ್ಯಾದೆ ಹೋಗ್ಬಾರ್ದು. ನಾನು ಮಾತ್ರ ಬಂದೂಕು ಹಿಡಿದೋರ ಮಧ್ಯೆ ಕದ್ದು ನಡ್ಕೊಂಡು ಬರ್ಬೇಕು, ನಿನ್ನ ಕಾಲಡಿ ನಿಂತು ನೀರು ಕೊಡ್ಬೇಕು, ಕದ್ದು ವಾಪಸ್ ಹೋಗ್ಬೇಕು. ಆಮೇಲೆ ನೀನು ಅವರ ಜೊತೆ ಕೂತು ಕಾಫಿ ಕುಡೀತೀಯ."

"ಹಾಗಲ್ಲ."

"ಮತ್ತೆ ಹೇಗೆ?"

ನೀರು ಕುದಿಯಿತು. ಅವಳು ಎರಡು ಲೋಟ ಚಹಾ ಮಾಡಿ ಒಂದನ್ನು ಅವನ ಮುಂದಿಟ್ಟಳು, ಸಕ್ಕರೆಯನ್ನು ಅವನಿಗೆ ಬೇಕಾದಷ್ಟೇ ಹಾಕಿದ್ದಳು. ಅವನು ಕುಡಿದ. ಅವಳು ನಿಂತೇ ಕುಡಿದು ಲೋಟ ತೊಳೆದಿಟ್ಟು ಫೋನ್ ಕೈಗೆತ್ತಿಕೊಂಡಳು. ಮನೆ ಮಾರಿಸಿಕೊಡುವ ಏಜೆಂಟ್ ಬೇಸಿಗೆಯಲ್ಲೇ ಕೇಳಿದ್ದರು, ಸದ್ಯಕ್ಕೆ ಒಂದಿಷ್ಟು ಫೋಟೋ ಕಳಿಸಿ, ಆಮೇಲೆ ನಮ್ಮವರು ಬಂದು ಸರಿಯಾಗಿ ತೆಗೆಯುತ್ತಾರೆ ಎಂದು. ಬೆಳಕಿರುವಾಗಲೇ ತೆಗೆದುಬಿಡುತ್ತೇನೆ ಎಂದು ಕಾಂಚನಾ ಯಾರಿಗೋ ಹೇಳುವಂತೆ ಹೇಳಿದಳು.

ಅಡ್ಡಗೋಡೆಗೆ ಬೆನ್ನು ಕೊಟ್ಟು ಫೋನ್ ಎತ್ತಿ ಹಿಡಿದು, ಕೆಳಗಿಳಿಸಿದಳು.

"ಸ್ವಲ್ಪ ಸರೀತೀಯಾ? ಕಿಟಕಿ ಕಾಣ್ತಿಲ್ಲ."

ಅವನು ಲೋಟ ಹಿಡಿದುಕೊಂಡು ಹಜಾರಕ್ಕೆ ಹೋಗಿ ಸೋಫಾದಲ್ಲಿ ಕೂತ. ಅಡಿಗೆಮನೆಯಲ್ಲಿ ಕುರ್ಚಿ ಒಳಗೆ ತಳ್ಳಿದ ಸದ್ದು, ಒಲೆಯ ಕಟ್ಟೆ ಒರೆಸಿದ ಸದ್ದು. ಅವಳು ಹಜಾರದ ಬಾಗಿಲಲ್ಲಿ ಬಂದು ನಿಂತಳು, ಫೋನ್ ಎತ್ತಿದಳು, ಕಾದಳು. ಅವನು ಎದ್ದ. ಅವಳು ಅವನು ಕೂತಿದ್ದ ದಿಂಬನ್ನು ತಟ್ಟಿ ಸರಿಮಾಡಿದಳು.

ಮಲಗುವ ಕೋಣೆಗೆ ಹೋಗಬಹುದಿತ್ತು, ಅವಳು ಅಲ್ಲಿಗೂ ಬರುತ್ತಾಳೆ. ಅವನು ಅಡಿಗೆಮನೆಗೆ ಮರಳಿದ. ಮಾಂಸದ ಚೀಲವನ್ನು ಅವಳು ಮೇಜಿನಿಂದ ತೆಗೆದು ಬಾಗಿಲ ಬಳಿ ನೆಲಕ್ಕಿಟ್ಟಿದ್ದಳು. ಅದನ್ನು ಎತ್ತಿಕೊಂಡು ಹೊರಗೆ ಬಂದು ಬಾಗಿಲು ಎಳೆದುಕೊಂಡ.

ಅಂಗಳದಲ್ಲಿ ಬೆಳಕು ಕಂದುತ್ತಿತ್ತು. ಚೀಲ ಕೈಯಲ್ಲಿ ತಣ್ಣಗೆ ಭಾರವಾಗಿತ್ತು. ಒಳಗೆ ಅವಳು ಚಿತ್ರ ಚೆನ್ನಾಗಿ ಬರಲೆಂದು ಅಡಿಗೆಮನೆಯ ದೀಪ ಹಾಕಿದಳು, ಆಮೇಲೆ ಹಜಾರದ್ದು, ಆಮೇಲೆ ಮಹಡಿಯ ಮೆಟ್ಟಿಲಿನದು. ಪರದೆಗಳನ್ನೆಲ್ಲ ಸರಿಸಿದಳು. ಒಂದೊಂದಾಗಿ ಕೋಣೆಗಳು ಬೆಳಗಿದವು. ಪ್ರತಿಯೊಂದರಲ್ಲೂ ಅವಳು ಒಂದು ಗಳಿಗೆ ಕಾಣಿಸಿಕೊಂಡು, ಫೋನ್ ಎತ್ತಿ, ಮರೆಯಾದಳು. ರಸ್ತೆಯಲ್ಲಿ ಹೋಗುತ್ತಿದ್ದ ಕಾರೊಂದು ಮನೆಯ ಮುಂದೆ ನಿಧಾನವಾಯಿತು, ಇಷ್ಟೊಂದು ದೀಪ ಹಾಕಿದ್ದಾರಲ್ಲ ಎಂದು ನೋಡುವವರ ಹಾಗೆ, ಮತ್ತೆ ಮುಂದಕ್ಕೆ ಹೋಯಿತು.